ಮೂಲೆಯ ಕೆಂಪು ತುಂಡು

ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಕೌದಿಗೆ ಈಗ ಒಳ್ಳೆಯ ಕಾಲ ಬಂದಿದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಬೆಂಗಳೂರಿನ ಅಂಗಡಿಗಳಲ್ಲಿ ಗೋಡೆಗೆ ತೂಗುಹಾಕಿದ ಕೌದಿ, ಸೋಫಾಕ್ಕೆ ಹೊದಿಸಿದ ಕೌದಿ, ಕೌದಿಯ ಜಾಕೆಟ್ಟು, ಕೌದಿಯ ಬ್ಯಾಗು. ಕೌದಿಯ ಹಾಗೆ ಕಾಣಲಿ ಅಂತ ತುಂಡು ತುಂಡಿನ ಪ್ರಿಂಟ್ ಹೊಡೆದ ಮಿಲ್ಲಿನ ಬೆಡ್‌ಶೀಟುಗಳೂ ಬಂದಿವೆ. ಅದರಲ್ಲಿ ಒಂದು ಹೊಲಿಗೆಯೂ ಇಲ್ಲ, ಹೊಲಿಗೆಯ ಚಿತ್ರ ಮಾತ್ರ ಇದೆ. ಮೊನ್ನೆ ಗೆಳತಿಯೊಬ್ಬಳು ಅಂಥದ್ದೇ ಒಂದು ಅಂಗಡಿಯ ಫೋಟೊ ಕಳಿಸಿ, "ನಿಮ್ಮ ಕಡೆಯ ಆರ್ಟ್ ಎಷ್ಟು ಮೇಲೆ ಬಂತು ನೋಡೇ" ಅಂದಳು. ಅವಳ ಖುಷಿ ನಿಜವಾದದ್ದೇ. ನನಗೆ ಮಾತ್ರ ಖುಷಿಯಾಗಲಿಲ್ಲ. ಯಾಕೆ ಅನ್ನೋದನ್ನ ಎರಡು ಸಾಲಿನ ಮೆಸೇಜಿನಲ್ಲಿ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಗದಗ ಸೀಮೆಯವಳು. ನಮ್ಮಲ್ಲಿ ಕೌದಿ ಅಂದರೆ ಹಾಸೋದಕ್ಕೂ ಅದೇ, ಹೊದೆಯೋದಕ್ಕೂ ಅದೇ. ಅದಕ್ಕಾಗಿ ಯಾರೂ ಬಟ್ಟೆ ಕೊಳ್ಳುತ್ತಿರಲಿಲ್ಲ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ, ಅಜ್ಜನ ಧೋತರ, ಮಕ್ಕಳ ಹಳೆ ಅಂಗಿ, ಕುಬಸದಿಂದ ಉಳಿದ ಖಣದ ಚೂರು, ಎಲ್ಲ ಒಂದು ಗಂಟಿನಲ್ಲಿ ಜಂತಿಗೆ ಜೋತುಬಿದ್ದಿರುತ್ತಿತ್ತು. ಸುಗ್ಗಿ ಮುಗಿದು ಬೇಸಿಗೆ ಬಿಡುವು ಸಿಕ್ಕಾಗ ಆ ಗಂಟು ಇಳಿಯುತ್ತಿತ್ತು. ಪಡಸಾಲೆ ಸಾರಿಸಿ, ಅದು ಒಣಗಿದ ಮೇಲೆ ಸೀರೆ ಹಾಸಿ, ಅದರ ಮೇಲೆ ಧೋತರ, ಅದರ ಮೇಲೆ ಮತ್ತೊಂದು ಸೀರೆ. ಸುಕ್ಕು ಹೋಗಲಿ ಅಂತ ಅಂಗೈಯಿಂದ ನಡುವಿನಿಂದ ಅಂಚಿಗೆ ಸವರೋದು. ಸವೆದ ಜಾಗಕ್ಕೆ, ತೂತು ಬಿದ್ದ ಕಡೆ ತುಂಡು ಹಚ್ಚೋದು. ಆಮೇಲೆ ಉದ್ದನೆ ಸೂಜಿ, ದಪ್ಪ ದಾರ. ಮೂರು ನಾಲ್ಕು ಮಂದಿ ಒಂದೊಂದು ಅಂಚು ಹಿಡಿದು ಕೂತರೆ ಮಾತೂ ಹೊಲಿಗೆಯೂ ಒಟ್ಟಿಗೇ ಸಾಗುತ್ತಿದ್ದವು. ಬೆರಳಗಲ ಬಿಟ್ಟು ಸಾಲಿನ ಪಕ್ಕ ಸಾಲು. ಹೊಲಿಗೆಯ ಕೈ ನೋಡಿಯೇ ಈ ಸಾಲು ಯಾರದು ಅಂತ ಹೇಳಬಹುದಿತ್ತು. ಚಿಗವ್ವನದು ಒತ್ತೊತ್ತಾಗಿ, ಪಕ್ಕದ ಮನೆಯವರದು ಸಡಿಲ.

ನಾಲ್ಕು ಮೂಲೆಗೆ ನಮ್ಮ ಆಯಿ, ಅಂದರೆ ಅಜ್ಜಿ, ಯಾವಾಗಲೂ ಇಲಕಲ್ ಸೀರೆಯ ಸೆರಗಿನ ಕೆಂಪು ತುಂಡನ್ನ ಮೂರು ಮೂಲೆಯಾಗಿ ಕತ್ತರಿಸಿ ಹಚ್ಚುತ್ತಿದ್ದಳು. ಅಲ್ಲಿ ಬಟ್ಟೆ ಹರಿದಿರಲಿಲ್ಲ, ತೂತೂ ಇರಲಿಲ್ಲ. "ಆಯಿ, ಇದ್ಯಾಕ ಇಲ್ಲಿ?" ಅಂತ ಒಮ್ಮೆ ಕೇಳಿದ್ದೆ. "ಚಂದ ಕಾಣತೈತಿ, ಅದಕ್ಕ" ಅಂದಿದ್ದಳು.

ನಾನು ಹೇಳಬೇಕಾದ್ದೆಲ್ಲ ಆ ಕೆಂಪು ತುಂಡಿನ ಸುತ್ತ ಇದೆ. ಆ ತುಂಡಿನಿಂದ ಚಳಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಯಾರೂ ಬೇಕು ಅಂತ ಕೇಳಿರಲಿಲ್ಲ, ಯಾರೂ ಅದಕ್ಕೆ ದುಡ್ಡು ಕೊಡುತ್ತಿರಲಿಲ್ಲ. ಬಳಸುವುದಕ್ಕೆ ಬೇಕಾದದ್ದೆಲ್ಲ ಮುಗಿದ ಮೇಲೆ, ಕೈಯಲ್ಲಿ ಒಂಚೂರು ಬಟ್ಟೆ, ಒಂಚೂರು ಹೊತ್ತು ಉಳಿದಿದ್ದರೆ, ಅದನ್ನ ಏನು ಮಾಡಬೇಕು ಅಂತ ತೀರ್ಮಾನಿಸುವ ಹಕ್ಕು ಆಯಿಯದಾಗಿತ್ತು. ಬದುಕಿನೊಳಗೆ ಕಲೆ ಅನ್ನೋದು ಇದ್ದರೆ ಅದು ಇರೋದು ಅಲ್ಲಿ ಅಂತ ನಾನು ನಂಬಿದ್ದೇನೆ. ಕೊಳ್ಳುವ ಸಮಾಜ ನಮ್ಮಿಂದ ಮೊದಲು ಕಸಿದುಕೊಳ್ಳೋದೂ ಅದೇ ಜಾಗವನ್ನ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿದವರಿಗೆ ಇದು ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆಫ್ರಿಕಾ ಮೂಲದ ಈ ಸಮುದಾಯದ ಪೂರ್ವಿಕರಲ್ಲಿ ಅನೇಕರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದಿದ್ದರು. ಅವರು ಅಂಚಿನಿಂದ ಹೊಲಿಯುತ್ತಾ ಸುತ್ತು ಹಾಕಿ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮೂರು ಮೂಲೆಯ ತುಂಡುಗಳ ಪದರ, ಅದಕ್ಕೆ ಹೂವು ಅಂತಲೇ ಹೆಸರು. ಅದಿಲ್ಲದಿದ್ದರೆ ಕೌದಿ ಪೂರ್ತಿಯಾದ ಹಾಗಲ್ಲ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಕೆಲವು ಕೌದಿಗಳಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ ಬರುತ್ತದೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಇವನ್ನ ನೋಡಿ, 2004ರ ಸುಮಾರಿಗೆ ಆ ಹೆಂಗಸರದೇ ಒಂದು ಸಹಕಾರಿ ಗುಂಪು ಕಟ್ಟಲು ನೆರವಾದರು. ಆಮೇಲೆ ಈ ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋದವು. ಮನೆಗೆ ನಾಲ್ಕು ಕಾಸು ಬಂತು, ಹೊಲಿಯುವವರಿಗೆ ಗೌರವವೂ ಸಿಕ್ಕಿತು. ಅದು ಸಣ್ಣ ಸಂಗತಿಯಲ್ಲ.

ಆದರೆ ಮಾರುಕಟ್ಟೆಗೆ ಹೋದ ಮೇಲೆ ಆ ಮೂಲೆಯ ಹೂವಿಗೆ ಏನಾಗುತ್ತದೆ? ಇದಕ್ಕೆ ಉತ್ತರ ನಮ್ಮಲ್ಲಿ ಇನ್ನೂ ಪೂರ್ತಿ ಸಿಕ್ಕಿಲ್ಲ. ಅಮೆರಿಕದಲ್ಲಿ ಸಿಕ್ಕಿದೆ. ಅದಕ್ಕೇ ಅಲಬಾಮಾದ ಒಂದು ಊರಿನ ಕಥೆ ಹೇಳುತ್ತೇನೆ.

ಊರಿನ ಹೆಸರು ಜೀಸ್ ಬೆಂಡ್. ಮೂರು ಕಡೆ ಅಲಬಾಮಾ ನದಿ. ಹತ್ತಿ ತೋಟದಲ್ಲಿ ಗುಲಾಮರಾಗಿ ದುಡಿದವರ ಮಕ್ಕಳು ಮೊಮ್ಮಕ್ಕಳೇ ಅಲ್ಲಿ ಉಳಿದವರು. ಚಳಿಗಾಲದಲ್ಲಿ ಹಲಗೆ ಮನೆಯ ಸಂದಿಗಳಿಂದ ಗಾಳಿ ನುಗ್ಗುತ್ತಿತ್ತು, ಗೋಡೆಗೆ ಹಳೆ ಪೇಪರ್ ಅಂಟಿಸುತ್ತಿದ್ದರು, ಹೊದೆಯೋದಕ್ಕೆ ಹೆಂಗಸರು ಹಳೆ ಬಟ್ಟೆಯ ಕ್ವಿಲ್ಟ್, ಅಂದರೆ ಅವರ ಕಡೆಯ ಕೌದಿ, ಹೊಲಿಯುತ್ತಿದ್ದರು. ಮಂಡಿ ಸವೆದ ಹೊಲದ ಪ್ಯಾಂಟು, ಬೆವರಿಗೆ ಬಣ್ಣ ಬಿಟ್ಟ ಅಂಗಿ. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬ ಹೆಣ್ಣುಮಗಳು ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಒಂದನ್ನ ಹೊಲಿದಳು. ಅವನನ್ನ ನೆನೆಯೋದಕ್ಕೆ, ಅದನ್ನೇ ಹೊದ್ದು ಮಲಗೋದಕ್ಕೆ ಅಂತ. ನಮ್ಮ ಕಡೆ ಅಜ್ಜಿಯ ಸೀರೆ ಮೊಮ್ಮಗುವಿನ ಕೌದಿಗೆ ಹೋಗುವ ಹಾಗೆಯೇ ಇದು. ಹಳೆಯದಾದ ಕ್ವಿಲ್ಟುಗಳನ್ನ ಅವರು ಇಟ್ಟುಕೊಳ್ಳುತ್ತಿರಲಿಲ್ಲ. ಸೊಳ್ಳೆ ಓಡಿಸೋದಕ್ಕೆ ಸುಟ್ಟು ಹೊಗೆ ಹಾಕುತ್ತಿದ್ದರು.

1960ರ ದಶಕದಲ್ಲಿ ಈ ಜನ ಮತದಾರರ ಪಟ್ಟಿಗೆ ಹೆಸರು ಸೇರಿಸೋಕೆ ಹೊರಟಾಗ, 1962ರಲ್ಲಿ ನದಿ ದಾಟುವ ದೋಣಿಯನ್ನೇ ನಿಲ್ಲಿಸಲಾಯಿತು. ಅದು ಮತ್ತೆ ಶುರುವಾದದ್ದು 2006ರಲ್ಲಿ. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಬಂದಿದ್ದರು. ಮರುವರ್ಷ, 1966ರಲ್ಲಿ, ಆ ಭಾಗದ ಹೆಂಗಸರು ಸೇರಿ ಫ್ರೀಡಂ ಕ್ವಿಲ್ಟಿಂಗ್ ಬೀ ಅನ್ನೋ ಸಹಕಾರ ಸಂಘ ಕಟ್ಟಿದರು. ಹೊಲಿದು ಮಾರಿ ತಮ್ಮ ಕಾಲ ಮೇಲೆ ತಾವು ನಿಲ್ಲೋದಕ್ಕೆ. ನ್ಯೂಯಾರ್ಕಿನ ದೊಡ್ಡ ಅಂಗಡಿಗಳಿಂದ ಆರ್ಡರ್ ಬಂತು. ಆರ್ಡರಿನ ಜೊತೆ ಅಳತೆ ಬಂತು, ಬಣ್ಣ ಬಂತು, ಒಂದರ ಹಾಗೇ ಇನ್ನೊಂದು ಇರಬೇಕು ಅನ್ನೋ ನಿಯಮವೂ ಬಂತು. 1972ರಲ್ಲಿ ಸಿಯರ್ಸ್ ಕಂಪನಿ ಕಾರ್ಡುರಾಯ್ ಅನ್ನೋ ದಪ್ಪ ಬಟ್ಟೆಯ ದಿಂಬಿನ ಕವರಿಗೆ ಆರ್ಡರ್ ಕೊಟ್ಟಿತು. ಹೆಂಗಸರು ಒಂದೇ ಥರದ ಕವರುಗಳನ್ನ ಸಾಲುಸಾಲಾಗಿ ಹೊಲಿದರು.

ಇಲ್ಲಿಯವರೆಗೆ ಇದು ಎಲ್ಲ ಕಡೆ ನಡೆಯೋದೇ. ಮುಂದಿನದನ್ನ ಗಮನಿಸಿ. ಕತ್ತರಿಸಿ ಉಳಿದ ಕಾರ್ಡುರಾಯ್ ಚೂರುಗಳನ್ನ ಅವರು ಮನೆಗೆ ಒಯ್ದರು. ಅವನ್ನ ಸೇರಿಸಿ ತಮ್ಮ ಮನೆಗೆ, ತಮ್ಮ ಮಕ್ಕಳಿಗೆ, ತಮಗೆ ತೋಚಿದ ಹಾಗೆ ಕ್ವಿಲ್ಟ್ ಹೊಲಿದರು. ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಕಂದು. ದಪ್ಪ ಬಟ್ಟೆ, ಸಣ್ಣ ಹೊಲಿಗೆಗೆ ಬಗ್ಗೋದಿಲ್ಲ. ಹಾಗಾಗಿ ಪಟ್ಟಿಗಳು ದೊಡ್ಡದಾದವು, ಬಣ್ಣಗಳು ಇನ್ನೂ ಧೈರ್ಯವಾಗಿ ಎದುರುಬದುರು ನಿಂತವು. 2002ರಲ್ಲಿ ಹ್ಯೂಸ್ಟನ್ನಿನ ಸಂಗ್ರಹಾಲಯದಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಜೀಸ್ ಬೆಂಡಿನ ಕ್ವಿಲ್ಟುಗಳನ್ನ ಗೋಡೆಗೇರಿಸಿದಾಗ, ಜನ ಬಾಯಿ ಬಿಟ್ಟು ನೋಡಿದ್ದು ಮನೆಮಂದಿಗೆ ಅಂತ ಹೊಲಿದವನ್ನ. ಈ ಚೂರುಗಳಿಂದ ಹುಟ್ಟಿದವೂ ಅವುಗಳಲ್ಲಿದ್ದವು. ಅಂಗಡಿ ಕೇಳಿದ ದಿಂಬಿನ ಕವರನ್ನ ಯಾರೂ ಗೋಡೆಗೆ ಹಾಕಲಿಲ್ಲ.

ಅದೇ ಕೈ, ಅದೇ ಬಟ್ಟೆ, ಅದೇ ವರ್ಷ. ಹಗಲು ಹೊಲಿದದ್ದು ಸರಕು, ಮನೆಗೆ ಬಂದು ಹೊಲಿದದ್ದು ಕಲೆ. ವ್ಯತ್ಯಾಸ ಕೌಶಲದಲ್ಲಿ ಇರಲಿಲ್ಲ. ಮುಂದಿನ ತುಂಡು ಯಾವುದು ಅಂತ ಆರಿಸುವವರು ಯಾರು ಅನ್ನೋದರಲ್ಲಿತ್ತು. ಕಲೆಗೂ ದಿನದ ಬದುಕಿಗೂ ನಡುವಿನ ಗೆರೆ ಮಸುಕಾಗಿದೆ, ಅದನ್ನ ಕಲಾವಿದರು ಅಳಿಸಬೇಕು ಅಂತ ಮಾತಾಡುವವರಿಗೆ ನಾನು ಈ ಊರನ್ನೇ ತೋರಿಸೋದು. ಆ ಹೆಂಗಸರ ಮನೆಯಲ್ಲಿ ಗೆರೆಯೇ ಇರಲಿಲ್ಲ. ಗೆರೆ ಎಳೆದದ್ದು ಆರ್ಡರ್ ಫಾರಂ.

ಗೋಡೆಗೆ ಏರಿದ ಮೇಲಿನ ಕಥೆಯೂ ಇದೆ. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಸ್ಟಾಂಪ್ ತಂದಿತು. ವಿನ್ಯಾಸಗಳು ಕಂಬಳಿ, ರಗ್ಗುಗಳ ಮೇಲೂ ಬಂದವು. 2007ರಲ್ಲಿ ಮೂವರು ಹೆಂಗಸರು ತಮಗೆ ಸಿಗಬೇಕಾದ ಪಾಲು ಸಿಕ್ಕಿಲ್ಲ ಅಂತ ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಯಿತು. ಒಳಗಿನ ನ್ಯಾಯ ಅನ್ಯಾಯ ಏನೇ ಇರಲಿ, ಕ್ವಿಲ್ಟಿಗೆ ಬೆಲೆ ಬಂದ ಕೂಡಲೇ ಅದನ್ನ ಹೊಲಿದವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು ಅನ್ನೋದು ನೆನಪಿರಬೇಕು. 2021ರಿಂದ ಊರಿನ ಹಲವು ಹೆಂಗಸರು ತಮ್ಮ ತಮ್ಮ ಹೆಸರಿನಲ್ಲೇ ಆನ್‌ಲೈನ್ ಮಾರುತ್ತಿದ್ದಾರೆ. ಇದು ನನಗೆ ಸರಿ ಅನ್ನಿಸುತ್ತದೆ.

ಈಗ ನಮ್ಮೂರಿಗೆ ಬರೋಣ. ನಮ್ಮ ಕಡೆ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರಿಗೆ ಬಂದು ಕೌದಿ ಹೊಲಿದುಕೊಡುತ್ತಾರೆ. ಬಟ್ಟೆ ನಮ್ಮದು, ಸೂಜಿ ಅವರದು. ಗುಡಿಯ ಕಟ್ಟೆಯ ಮೇಲೋ ಬೇವಿನ ಮರದ ಕೆಳಗೋ ಕೂತು ಹೊಲಿದು, ಕೂಲಿಯ ಜೊತೆ ಒಂದಿಷ್ಟು ಜೋಳವನ್ನೂ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಕಳೆದ ಬೇಸಿಗೆ ಊರಿಗೆ ಹೋದಾಗ ಅಂಥವರಲ್ಲಿ ಒಬ್ಬರಿಗೆ ಅವ್ವನ ಹಳೆ ಸೀರೆಗಳನ್ನ ಕೊಟ್ಟೆ. "ಯಕ್ಕಾರ, ಹೆಂಗ ಹೊಲೀಲಿ?" ಅಂತ ಕೇಳಿದರು. "ನಿಮಗ ಹೆಂಗ ಚಂದ ಕಾಣತೈತಿ ಹಂಗ ಹೊಲೀರಿ" ಅಂದೆ. ಅವರು ಸೀರೆ ಬಿಟ್ಟು ಮೊಬೈಲ್ ತೆಗೆದರು. ಪಟ್ಟಣದಿಂದ ಆರ್ಡರ್ ತರುವ ಏಜೆಂಟ್ ವಾಟ್ಸಾಪಿನಲ್ಲಿ ಕಳಿಸಿದ ಫೋಟೊಗಳು. ಎಲ್ಲ ಬೂದಿ ಬಣ್ಣ, ಬಿಳಿ, ತಿಳಿ ನೀಲಿ. ಬಟ್ಟೆಯೂ ಹಳೆಯದಲ್ಲ. ಗಾರ್ಮೆಂಟ್ ಕಟ್‌ಪೀಸಿನ ಕಟ್ಟು ಅವರೇ ಕಳಿಸುತ್ತಾರಂತೆ. "ಫೋಟೊದಾಗ ಹೆಂಗೈತಿ ಹಂಗ ಬರಬೇಕ್ರಿ. ನಡುವ ಒಂದು ಕೆಂಪು ಹಾಕಿದ್ರ ವಾಪಸ್ ಬರತಾವ" ಅಂದರು. ಆ ಕೆಲಸ ಇರೋದರಿಂದಲೇ ಮಳೆಗಾಲದಲ್ಲೂ ಒಲೆ ಉರಿಯುತ್ತದೆ ಅಂತಲೂ ಹೇಳಿದರು. ಎರಡೂ ನಿಜ. ಆದರೆ ಹೊಲಿಯುವವಳು ಒಂದು ಕೆಂಪು ತುಂಡು ಇಟ್ಟರೆ ಅದು ತಪ್ಪು ಅನ್ನಿಸಿಕೊಂಡು ವಾಪಸ್ ಬರುವ ಕೌದಿಯನ್ನ "ಜಾನಪದ ಕಲೆ" ಅಂತ ಚೀಟಿ ಹಚ್ಚಿ ಮಾರುವುದನ್ನ ನನ್ನ ಮನಸ್ಸು ಒಪ್ಪುವುದಿಲ್ಲ.

ಇಷ್ಟು ಹೇಳಿದಾಗ ಬರುವ ಪ್ರಶ್ನೆ ನನಗೆ ಗೊತ್ತು. ಬಡತನವನ್ನ ಚಂದ ಮಾಡಿ ಹೇಳುತ್ತಿದ್ದೀಯಾ? ಕೌದಿ ಹೊಲಿದದ್ದು ಕಂಬಳಿ ಕೊಳ್ಳೋಕೆ ದುಡ್ಡಿಲ್ಲದ್ದಕ್ಕೆ ತಾನೆ?

ಹೌದು, ಎಷ್ಟೋ ಮನೆಗಳಲ್ಲಿ ದುಡ್ಡಿಲ್ಲದ್ದಕ್ಕೇ. ಮಹಾನವಮಿ ಹತ್ತಿರ ಬಂದಾಗ ಮನೆಯ ಹಾಸಿಗೆಯೆಲ್ಲ ಚಕ್ಕಡಿಗೆ ಹೇರಿ ಹಳ್ಳಕ್ಕೆ ಒಯ್ಯುತ್ತಿದ್ದರು. ನೀರು ಕುಡಿದ ಕೌದಿ ಎಷ್ಟು ಭಾರ ಅನ್ನೋದು ಎತ್ತಿದವರಿಗೇ ಗೊತ್ತು. ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು, ಬಂಡೆಗೆ ಬಡಿಯಬೇಕು, ಬಿಸಿಲಿಗೆ ಹರಡಬೇಕು. ಅದೆಲ್ಲ ಹೆಂಗಸರ ಪಾಲಿನದೇ. ಅವ್ವನಿಗೆ ಕೈಯಲ್ಲಿ ನಾಲ್ಕು ದುಡ್ಡು ಓಡಾಡಿದ ವರ್ಷವೇ ಅವಳು ಹಗುರವಾದ, ಬೇಗ ಒಣಗುವ ಬ್ಲಾಂಕೆಟ್ ತಂದಳು. ಅವಳ ರಟ್ಟೆ ನೋವು ನೋಡಿದ ನಾನು ಅದನ್ನ ತಪ್ಪು ಅನ್ನಲಾರೆ. ಅಮೆರಿಕದ ಮೀರ್ಲ್ ಲೇಡರ್‌ಮನ್ ಯೂಕಲೀಸ್ ಎಂಬ ಕಲಾವಿದೆ ಮಗು ಹುಟ್ಟಿದ ಮೇಲೆ ಕೇಳಿದ್ದೂ ಇದನ್ನೇ. ತೊಳೆಯೋದು, ಒರೆಸೋದು, ಕಾಪಾಡೋದು ಯಾಕೆ ಕಲೆಯ ಲೆಕ್ಕಕ್ಕಿಲ್ಲ ಅಂತ 1969ರಲ್ಲಿ ಬರೆದಳು. 1973ರಲ್ಲಿ ಹಾರ್ಟ್‌ಫರ್ಡಿನ ಸಂಗ್ರಹಾಲಯದ ಮೆಟ್ಟಿಲುಗಳನ್ನ ಪ್ರದರ್ಶನವಾಗಿಯೇ ತೊಳೆದಳು. 1979ರಿಂದ 80ರವರೆಗೆ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರ ಬಳಿ ಹೋಗಿ ಒಬ್ಬೊಬ್ಬರ ಕೈಕುಲುಕಿ ಧನ್ಯವಾದ ಹೇಳಿದಳು. ಈಕೆಯ ಬಗ್ಗೆ ನನಗೆ ಬಹಳ ಗೌರವ. ಕೌದಿಯ ಚಂದ ಹೇಳಿ ಅದನ್ನ ಒಗೆಯುವ ಕೈಗಳ ಮಾತು ಬಿಟ್ಟರೆ ನಾವು ಹೇಳಿದ್ದು ಅರ್ಧ ಸುಳ್ಳೇ.

ಹಾಗಾಗಿ ಬ್ಲಾಂಕೆಟ್ ಕೊಳ್ಳಬೇಡಿ ಅನ್ನೋದು ನನ್ನ ವಾದ ಅಲ್ಲ. ಲಂಡನ್ನಿನ ಮೈಕಲ್ ಲ್ಯಾಂಡಿ 2001ರಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನ ಖಾಲಿ ಅಂಗಡಿಯೊಂದರಲ್ಲಿ ತನ್ನ ಹತ್ತಿರ ಇದ್ದ 7,227 ವಸ್ತುಗಳನ್ನ ಪಟ್ಟಿ ಮಾಡಿ, ಕಾರು, ಅಪ್ಪನ ಕೋಟು ಸೇರಿ ಎಲ್ಲವನ್ನ ಎರಡು ವಾರಗಳಲ್ಲಿ ಪುಡಿ ಮಾಡಿಸಿದ. ಎದೆಗಾರಿಕೆ ಬೇಕು ನಿಜ. ಆದರೆ ಅಪ್ಪನ ಕೋಟನ್ನ ಪುಡಿ ಮಾಡಿದ್ದರಿಂದ ಯಾರಿಗೂ ಬೆಚ್ಚಗಾಗಲಿಲ್ಲ. ಕೌದಿ ಗೊತ್ತಿರುವವರಿಗೆ ವಸ್ತುವನ್ನ ಹೇಗೆ ಮುಗಿಸಬೇಕು ಅನ್ನೋದು ಬೇರೆ ರೀತಿಯಲ್ಲಿ ಗೊತ್ತಿತ್ತು. ಹೊಸ ಸೀರೆ ಹಬ್ಬಕ್ಕೆ, ಆಮೇಲೆ ದಿನಕ್ಕೆ, ಆಮೇಲೆ ಹೊಲಕ್ಕೆ, ಆಮೇಲೆ ಕೌದಿಗೆ. ಕೌದಿ ಹರಿದ ಮೇಲೆ ಚಕ್ಕಡಿಯ ತಳಕ್ಕೆ, ಜೋಳದ ರಾಶಿಯ ಮೇಲೆ, ಚಳಿಗೆ ಎತ್ತಿನ ಬೆನ್ನಿಗೆ. ಕೊನೆಗೆ ಅದು ಮಣ್ಣಾಗುತ್ತಿತ್ತು, ಹತ್ತಿಯಾದ್ದರಿಂದ ಮಣ್ಣಾಗಲು ಬರುತ್ತಿತ್ತು. ಈಗಿನ ಪಾಲಿಯೆಸ್ಟರ್ ಸೀರೆಗೆ ಆ ದಾರಿ ಇಲ್ಲ. ಬೆವರು ಹೀರಲ್ಲ, ಪದರಗಳು ಜಾರುತ್ತವೆ. ಪಾತ್ರೆಯವರು ಬಂದಾಗ ಕೊಟ್ಟು ಒಂದು ಸ್ಟೀಲ್ ಡಬ್ಬಿ ತೆಗೆದುಕೊಳ್ಳೋದೇ ಉಳಿದಿರೋದು.

ನನ್ನ ಸಂಕಟ ಇರೋದು ಹೊಲಿಯೋಕೆ ಬಾರದೇ ಹೋದ ಕೈಗಳ ಬಗ್ಗೆ. ಅವ್ವ ಬ್ಲಾಂಕೆಟ್ ತಂದಾಗ ಅವಳಿಗೆ ಕೌದಿ ಹೊಲಿಯೋಕೆ ಬರುತ್ತಿತ್ತು. ಎರಡರಲ್ಲಿ ಒಂದನ್ನ ಅವಳು ಆರಿಸಿಕೊಂಡಳು. ನನ್ನ ಮಗಳು ಬ್ಲಾಂಕೆಟ್ ಕೊಂಡರೆ ಅದು ಆಯ್ಕೆಯಲ್ಲ, ಬೇರೆ ದಾರಿಯೇ ಅವಳಿಗೆ ಗೊತ್ತಿಲ್ಲ. ಬೇಜಾರಾದರೆ ಕೊಳ್ಳೋದು, ಖುಷಿಯಾದರೆ ಕೊಳ್ಳೋದು, ಕೊಳ್ಳೋದು ಹೆಚ್ಚಾಯಿತು ಅನ್ನಿಸಿದರೆ "ಸರಳ ಬದುಕು" ಅಂತ ಬರೆದ ಬಟ್ಟೆ ಚೀಲವನ್ನೂ ಕೊಳ್ಳೋದು. ಒಂದು ಗುಂಡಿ ಕಿತ್ತರೆ ಹಚ್ಚೋಕೆ ಬಾರದ ಮನೆಗಳಲ್ಲಿ ಕೈಮಗ್ಗದ ಕುಶನ್ನುಗಳಿವೆ. ಇಲ್ಲಿ ಕಲೆ ವಸ್ತುವಿನಲ್ಲಿ ಉಳಿದಿದೆ, ಮನುಷ್ಯರಿಂದ ಹೋಗಿದೆ.

ಇದಕ್ಕೆ ಎದುರಾಗಿ ನಿಂತವರೂ ನಮ್ಮಲ್ಲಿದ್ದಾರೆ. 1975ರಲ್ಲಿ ಸಮುದಾಯ ತಂಡ ಕಟ್ಟಿ ನಾಟಕವನ್ನ ಬೀದಿಗೆ ತಂದವರಲ್ಲಿ ಒಬ್ಬರಾದ ಪ್ರಸನ್ನ ಅವರು ಆಮೇಲೆ ಹೆಗ್ಗೋಡಿಗೆ ಬಂದರು. 1949ರಿಂದ ನೀನಾಸಂ ಅನ್ನೋ ರಂಗಸಂಸ್ಥೆ ಇರುವ ಊರು ಅದು. ಪಕ್ಕದ ಭೀಮನಕೋಣೆಯಲ್ಲಿ ಚರಕ ಅನ್ನೋ ಹೆಂಗಸರ ಸಹಕಾರ ಸಂಘ ಬೆಳೆಯಿತು. ಕೈಮಗ್ಗ, ಸಹಜ ಬಣ್ಣ. ಅಡಿಕೆ ಬೇಯಿಸಿದ ಚೊಗರಿನಿಂದಲೂ ಅಲ್ಲಿ ಬಣ್ಣ ತೆಗೆಯುತ್ತಾರೆ. ತೋಟದವರು ಚೆಲ್ಲುವ ನೀರು ಅಂಗಿಯ ಬಣ್ಣವಾಯಿತು. ಪ್ರಸನ್ನ 2015ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನ ಪಾಳುಬಿದ್ದ ಖಾದಿ ಕೇಂದ್ರದಲ್ಲಿ ಸತ್ಯಾಗ್ರಹ ಮಾಡಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆಯೇ ಬೇಡ ಅಂತ ಬೆಂಗಳೂರಿನಲ್ಲಿ ಉಪವಾಸ ಕೂತರು. ರಂಗಭೂಮಿಯವರಿಗೆ ತೆರಿಗೆಯ ಗೊಡವೆ ಯಾಕೆ ಅಂತ ಆಗ ಕೇಳಿದವರಿದ್ದರು. ನನಗೆ ಅದು ಅವರ ನಾಟಕದ ಕೆಲಸದ ಮುಂದುವರಿಕೆಯಾಗಿಯೇ ಕಂಡಿತ್ತು. ಮಗ್ಗದ ಮುಂದೆ ಕೂತವಳ ಹೊತ್ತಿಗೂ ಮಿಲ್ಲಿನ ಗಂಟೆಗೂ ಒಂದೇ ತಕ್ಕಡಿ ಹಿಡಿಯುವ ಕಾನೂನಿನ ಎದುರು ಕೂರೋದು ಕಲಾವಿದರ ಕೆಲಸ ಅಲ್ಲದಿದ್ದರೆ ಇನ್ಯಾರದು?

ಗೆಳತಿಗೆ ನನ್ನ ಉತ್ತರ ಇಷ್ಟು. ಅಂಗಡಿಯಿಂದ ಕೌದಿ ಕೊಳ್ಳೋದನ್ನ ಪ್ರತಿರೋಧ ಅಂದುಕೊಳ್ಳಬೇಡ. ಕೊಂಡರೆ, ಹೊಲಿದವರ ಹೆಸರು ಕೇಳು. ಅಲಬಾಮಾದ ಹೆಂಗಸರ ಹೆಸರು ಜಗತ್ತಿಗೆ ಗೊತ್ತು, ನಮ್ಮ ಅಂಗಡಿಯ ಚೀಟಿಯಲ್ಲಿ ಇರೋದು ಅಂಗಡಿಯ ಹೆಸರು ಮಾತ್ರ. ಅದಕ್ಕಿಂತ ಒಳ್ಳೆಯದು, ನಿನ್ನ ಕಪಾಟಿನ ಹಳೆ ಹತ್ತಿ ಸೀರೆ ಕೊಟ್ಟು ಹೊಲಿಸು. ಕೂಲಿಯನ್ನ ಕೌದಿಯ ಲೆಕ್ಕಕ್ಕೆ ಬೇಡ, ದಿನದ ಲೆಕ್ಕಕ್ಕೆ ಕೊಡು. ಕೌದಿಯ ಲೆಕ್ಕಕ್ಕೆ ಕೊಟ್ಟರೆ ಬೇಗ ಮುಗಿಸೋದೇ ಲಾಭ, ಮೂಲೆಯ ಹೂವಿಗೆ ಹೊತ್ತು ಉಳಿಯೋದಿಲ್ಲ. ಡಿಸೈನ್ ಹೇಳಬೇಡ, ಫೋಟೊ ತೋರಿಸಬೇಡ. ಸಾಧ್ಯವಾದರೆ ಒಂದು ಅಂಚು ಹಿಡಿದು ನೀನೂ ಕೂಡು, ಮಗನನ್ನೂ ಕೂರಿಸು. ಕೌದಿ ಒಗೆಯುವ ದಿನ ನಿನ್ನ ಗಂಡ ಒಂದು ತುದಿ ಹಿಡಿಯಲಿ.

ಗದಗ, ಕೊಪ್ಪಳ, ಬಾಗಲಕೋಟೆ, ಹಾವೇರಿ ಕಡೆಯವರು ಇದನ್ನ ಓದುತ್ತಿದ್ದರೆ ಒಂದು ಉಪಕಾರ ಮಾಡಿ. ನಿಮ್ಮ ಊರಿಗೆ ಕೌದಿ ಹೊಲಿಯುವವರು ಇನ್ನೂ ಬರುತ್ತಾರಾ, ಯಾವ ತಿಂಗಳು ಬರುತ್ತಾರೆ, ದಿನಕ್ಕೆ ಏನು ಕೂಲಿ ಕೇಳುತ್ತಾರೆ ಅಂತ ತಿಳಿಸಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಳೆ ಹತ್ತಿ ಸೀರೆ ಎತ್ತಿಟ್ಟಿರುವ ಮನೆಗಳಿವೆ. ಬರುವವರಿಗೆ ಉಳಿಯಲು ಜಾಗ, ಊಟ, ಬಸ್ಸಿನ ಖರ್ಚು ನಾವು ನೋಡಿಕೊಳ್ಳುತ್ತೇವೆ.